ಮೌಲ್ಯಮಾಪನದ ವಾರದಲ್ಲೂ ನಿಲ್ಲದ ನೋಟ್ಸು: ಪಾಠ ಮಾಡುತ್ತಲೇ ಸಂಶೋಧನೆ ಮಾಡುವವರಿಗೆ

ನನ್ನ ಪಿಎಚ್‌ಡಿ ಪ್ರಬಂಧದ ಎರಡನೇ ಅಧ್ಯಾಯದ ಕರಡನ್ನು ಗೈಡ್ ಓದುತ್ತಿದ್ದರು. ಒಂದು ಸಾಲಿನ ಕೆಳಗೆ ಪೆನ್ಸಿಲ್ ಗೆರೆ ಎಳೆದು "ಇದು ಎಲ್ಲಿಂದ ಬಂತು?" ಅಂತ ಕೇಳಿದರು. ಅಷ್ಟೇ, ಬೈಯಲಿಲ್ಲ. ನಾನು ಮನೆಗೆ ಬಂದು ನಾಲ್ಕು ದಿನ ಹುಡುಕಿದೆ. ಎರಡು ನೋಟ್‌ಬುಕ್, ಮೂರು ಪೆನ್‌ಡ್ರೈವ್, ವಾಟ್ಸಾಪ್‌ನಲ್ಲಿ ನನಗೆ ನಾನೇ ಕಳಿಸಿಕೊಂಡ ಸಂದೇಶಗಳು, ಕೊನೆಗೆ ಮಂಚದ ಕೆಳಗಿನ ಜೆರಾಕ್ಸ್ ಕಟ್ಟು. ಸಾಲು ಅಲ್ಲಿ ಸಿಕ್ಕಿತು. ಆದರೆ ಜೆರಾಕ್ಸ್ ಮಾಡುವಾಗ ಪುಸ್ತಕ ಸ್ವಲ್ಪ ಓರೆಯಾಗಿ ಕೂತಿತ್ತೋ ಏನೋ, ಪುಟದ ಸಂಖ್ಯೆಯೇ ಕತ್ತರಿಸಿ ಹೋಗಿತ್ತು. ಪುಸ್ತಕದ ಹೆಸರು ಬರೆದಿಟ್ಟಿದ್ದ ಮೊದಲ ಹಾಳೆ ಯಾವತ್ತೋ ಹಾಲಿನ ಲೆಕ್ಕಕ್ಕೆ ಬಳಕೆಯಾಗಿತ್ತು.

ಅವತ್ತಿಗೆ ನನ್ನ ಹತ್ತಿರ ಸುಮಾರು ಆರುನೂರು ಪುಟ ನೋಟ್ಸ್ ಇತ್ತು. ಪ್ರಬಂಧಕ್ಕೆ ನೇರವಾಗಿ ಇಳಿಸಬಹುದಾದದ್ದು ಅದರಲ್ಲಿ ಹತ್ತು ಪುಟವೂ ಇರಲಿಲ್ಲ.

ಡಿಗ್ರಿ ಕಾಲೇಜಿನಲ್ಲಿ ಪಾಠ ಮಾಡುತ್ತಾ ಪಾರ್ಟ್‌ಟೈಮ್ ಪಿಎಚ್‌ಡಿ ಮಾಡುವವರಿಗೆ, ಪಿಎಚ್‌ಡಿ ಮುಗಿದ ಮೇಲೂ ವರ್ಷಕ್ಕೆ ಒಂದೆರಡು ಲೇಖನ ಬರೆಯಲೇಬೇಕು ಅಂದುಕೊಂಡವರಿಗೆ ಈ ಬರಹ. ನನ್ನ ವಿಷಯ ಇತಿಹಾಸ, ಶಾಸನಗಳಲ್ಲಿ ಬರುವ ಕೆರೆಗಳು. ಹಾಗಾಗಿ ಉದಾಹರಣೆಗಳೆಲ್ಲ ಅಲ್ಲಿಯವೇ. ನೀವು ರಸಾಯನಶಾಸ್ತ್ರದವರಾದರೂ ಪರವಾಗಿಲ್ಲ, ಕೆರೆ ಇದ್ದಲ್ಲಿ ನಿಮ್ಮ ವಸ್ತು ಇಟ್ಟುಕೊಂಡು ಓದಿ.

ಮೊದಲು ಕ್ಯಾಲೆಂಡರ್

ಗೋಡೆಯ ಮೇಲಿನ ಕ್ಯಾಲೆಂಡರ್ ಕೆಳಗಿಳಿಸಿ. ಮೊಬೈಲಿನದ್ದು ಬೇಡ, ಇಡೀ ವರ್ಷ ಒಟ್ಟಿಗೆ ಮಗುಚಿ ನೋಡುವಂಥದ್ದು ಬೇಕು. ಬರೆಯಲು ಆಗುವುದೇ ಇಲ್ಲ ಅನ್ನುವ ವಾರಗಳಿಗೆ ಕೆಂಪು ಪೆನ್ನಿನಲ್ಲಿ ಗೆರೆ ಹಾಕಿ. ಅಡ್ಮಿಷನ್, ಇಂಟರ್ನಲ್ಸ್, ಪರೀಕ್ಷಾ ಡ್ಯೂಟಿ, ಮೌಲ್ಯಮಾಪನ, ಕಾಲೇಜಿನ ಗುಣಮಟ್ಟ ಅಳೆಯುವ ನ್ಯಾಕ್ ತಂಡ ಬರುವ ವರ್ಷವಾದರೆ ಅದರ ಫೈಲುಗಳು, ಚುನಾವಣೆ ಇದ್ದರೆ ಅದರ ತರಬೇತಿ, ಮನೆಯಲ್ಲಿ ಮದುವೆ ಇದ್ದರೆ ಅದೂ. ನಾನು ಮೊದಲ ಸಲ ಹೀಗೆ ಮಾಡಿದಾಗ 52 ವಾರಗಳಲ್ಲಿ 23ಕ್ಕೆ ಗೆರೆ ಬಿತ್ತು. ನೋಡಿ ಎದೆ ಧಸಕ್ಕೆಂದಿತು. ಆಮೇಲೆ ಒಂಥರಾ ಸಮಾಧಾನವೂ ಆಯಿತು, ಯಾಕೆಂದರೆ ಅಲ್ಲಿವರೆಗೆ ನಾನು ಸೋಮಾರಿ ಅಂತಲೇ ತಿಳಿದುಕೊಂಡಿದ್ದೆ.

ಯುಜಿಸಿಯ (ವಿಶ್ವವಿದ್ಯಾಲಯ ಧನಸಹಾಯ ಆಯೋಗದ) 2018ರ ನಿಯಮದಲ್ಲಿ ಸಹಾಯಕ ಪ್ರಾಧ್ಯಾಪಕರಿಗೆ ವಾರಕ್ಕೆ 16 ಗಂಟೆ ನೇರ ಬೋಧನೆ. ಕಾಗದದ ಮೇಲೆ ಕಡಿಮೆ ಕಾಣುತ್ತದೆ ಅಲ್ವಾ? ಪಾಠಕ್ಕೆ ತಯಾರಿ, ಅಟೆಂಡೆನ್ಸ್, ಮಕ್ಕಳ ಅರ್ಜಿ, ಸಮಿತಿ ಸಭೆ ಎಲ್ಲ ಸೇರಿಸಿ ನೋಡಿ. ಉಳಿದ ಸಮಯ ಎಷ್ಟು ಅಂತ ಒಂದು ವಾರ ಬರೆದಿಟ್ಟುಕೊಂಡರೆ ಯಾವ ಭ್ರಮೆಯೂ ಉಳಿಯುವುದಿಲ್ಲ.

ಈಗ ಎರಡು ಅಳತೆ ಇಟ್ಟುಕೊಳ್ಳಿ. ಗೆರೆ ಇಲ್ಲದ ವಾರಕ್ಕೆ ಒಂದು, ಗೆರೆ ಬಿದ್ದ ವಾರಕ್ಕೆ ಇನ್ನೊಂದು. ನನ್ನದು ಹೀಗಿದೆ: ಒಳ್ಳೆಯ ವಾರದಲ್ಲಿ ಐದು ದಿನ, ದಿನಕ್ಕೆ 40 ನಿಮಿಷ. ಕೆಟ್ಟ ವಾರದಲ್ಲಿ ದಿನಕ್ಕೆ ಹತ್ತು ನಿಮಿಷ, ಅದರಲ್ಲಿ ಒಂದು ಚೀಟಿ (ಒಂದೇ ಮಾತಿನ ಪುಟ್ಟ ಟಿಪ್ಪಣಿ) ಬರೆಯುವುದು, ಅದೂ ಆಗದಿದ್ದರೆ ಹಳೆಯದೊಂದನ್ನು ಓದುವುದು. ಬಹಳ ಜನ ಎಡವುವುದು ಇಲ್ಲೇ. ಬೇಸಿಗೆ ರಜೆಯ ಒಂದು ಒಳ್ಳೆಯ ವಾರ ನೋಡಿ ದಿನಕ್ಕೆ ನಾಲ್ಕು ಗಂಟೆ ಅಂತ ಟೈಮ್‌ಟೇಬಲ್ ಹಾಕುತ್ತಾರೆ, ಕಾಲೇಜು ಶುರುವಾದ ಎಂಟನೇ ದಿನ ಅದು ಮುರಿಯುತ್ತದೆ, ಮುರಿದ ಮೇಲೆ ಮುಂದಿನ ರಜೆವರೆಗೆ ಆ ಕಡೆ ತಿರುಗಿಯೂ ನೋಡುವುದಿಲ್ಲ. ಕೆಟ್ಟ ವಾರಕ್ಕೆ ಹೊಂದುವ ಅಳತೆ ಹಾಕಿದರೆ ಒಳ್ಳೆಯ ವಾರ ತಾನಾಗಿಯೇ ನಡೆದುಕೊಳ್ಳುತ್ತದೆ.

ಅಮೆರಿಕದ ಮನಶ್ಶಾಸ್ತ್ರಜ್ಞ ರಾಬರ್ಟ್ ಬಾಯ್ಸ್ ಅಧ್ಯಾಪಕರು ಹೇಗೆ ಬರೆಯುತ್ತಾರೆ ಅನ್ನುವುದನ್ನೇ ವರ್ಷಗಟ್ಟಲೆ ಗಮನಿಸಿದವರು. ಬಿಡುವಿಗೆ ಕಾದು ಒಂದೇ ಸಲ ಗುಡ್ಡೆ ಹಾಕುವವರಿಗಿಂತ ದಿನಾ ಸ್ವಲ್ಪ ಸ್ವಲ್ಪ ಬರೆದವರೇ ಕೊನೆಗೆ ಜಾಸ್ತಿ ಬರೆದಿದ್ದರು ಅನ್ನುವುದು ಅವರು ಕಂಡ ಸಂಗತಿ. ಬರವಣಿಗೆಗೆ ಇದು ನಿಜ ಅಂತ ನನಗೂ ಅನಿಸಿದೆ. ಕ್ಷೇತ್ರಕಾರ್ಯಕ್ಕೆ ಮಾತ್ರ ಈ ಲೆಕ್ಕ ನಡೆಯುವುದಿಲ್ಲ. ಹಳ್ಳಿಗೆ ಹೋಗಿ ಕೆರೆ ಏರಿಯ ಮೇಲಿನ ಕಲ್ಲು ನೋಡಿ ಬರಲು ಇಡೀ ದಿನವೇ ಬೇಕು. ಅದಕ್ಕೆ ಭಾನುವಾರಗಳನ್ನು ಬೇರೆಯೇ ತೆಗೆದಿಡಿ.

ಇನ್ನೊಂದು ವಿಷಯ ಇಲ್ಲೇ ಹೇಳಿಬಿಡುತ್ತೇನೆ, ಯಾಕೆಂದರೆ ಇದು ಗೊತ್ತಿಲ್ಲದೆ ನಿದ್ದೆ ಕೆಡಿಸಿಕೊಂಡವರನ್ನು ನೋಡಿದ್ದೇನೆ. ಯುಜಿಸಿಯ 2022ರ ಪಿಎಚ್‌ಡಿ ನಿಯಮದಲ್ಲಿ ಕನಿಷ್ಠ ಅವಧಿ 3 ವರ್ಷ, ಗರಿಷ್ಠ 6. ಮರುನೋಂದಣಿ ಮಾಡಿಸಿದರೆ ಇನ್ನೂ 2 ವರ್ಷ ಸಿಗಬಹುದು. ಮಹಿಳೆಯರಿಗೂ, ಶೇ. 40ಕ್ಕಿಂತ ಜಾಸ್ತಿ ಅಂಗವೈಕಲ್ಯ ಇರುವವರಿಗೂ ಅದರ ಮೇಲೆ ಮತ್ತೆ 2 ವರ್ಷದ ಅವಕಾಶ ಇದೆ. ಹೆರಿಗೆ ಮತ್ತು ಮಕ್ಕಳ ಆರೈಕೆಗೆ ಇಡೀ ಅವಧಿಯಲ್ಲಿ 240 ದಿನದವರೆಗೆ ರಜೆ ಕೊಡಬಹುದು ಅಂತಲೂ ಇದೆ. ನಿಮ್ಮ ವಿಶ್ವವಿದ್ಯಾಲಯದಲ್ಲಿ ಅರ್ಜಿ ಹಾಕುವ ರೀತಿ ಹೇಗೆ ಅಂತ ಈಗಲೇ ಕೇಳಿಟ್ಟುಕೊಳ್ಳಿ. ಕೊನೆಯ ವರ್ಷದಲ್ಲಿ ಕೇಳಲು ಹೋದರೆ ತಲೆ ಓಡುವುದಿಲ್ಲ.

ಚೀಟಿ ಹೇಗಿರಬೇಕು

ಒಂದು ಚೀಟಿಯಲ್ಲಿ ಒಂದೇ ಮಾತು. ಇಡೀ ಪುಸ್ತಕದ ಸಾರಾಂಶವನ್ನು ಹನ್ನೆರಡು ಪುಟ ಬರೆದಿಟ್ಟರೆ ಅದು ಯಾವ ಅಧ್ಯಾಯಕ್ಕೂ ಕೂರುವುದಿಲ್ಲ. ಚಿಕ್ಕದಾಗಿದ್ದರೆ ಎತ್ತಿ ಅಲ್ಲಿಂದ ಇಲ್ಲಿಗೆ ಇಡಬಹುದು.

ನನ್ನ ಚೀಟಿಯಲ್ಲಿ ನಾಲ್ಕು ಭಾಗ. ಒಂದು ನಿಜವಾದ ಚೀಟಿಯನ್ನೇ ಕೊಡುತ್ತೇನೆ (ಎಪಿಗ್ರಾಫಿಯ ಕರ್ನಾಟಿಕ ಅಂದರೆ ಕರ್ನಾಟಕದ ಶಾಸನಗಳ ಸಂಪುಟಗಳು, ಮೊದಲು ಸಂಪಾದಿಸಿದವರು ಬಿ. ಎಲ್. ರೈಸ್; ಶಿಕಾರಿಪುರ 176 ಅಂದರೆ ಆ ತಾಲ್ಲೂಕಿನ 176ನೇ ಶಾಸನ):

ಆಕರ: ಎಪಿಗ್ರಾಫಿಯ ಕರ್ನಾಟಿಕ, ರೈಸ್ ಆವೃತ್ತಿ, ಸಂಪುಟ 7, ಶಿಕಾರಿಪುರ 176.
ಏನಿದೆ: ತಾಳಗುಂದದ ಕಂಬದ ಶಾಸನ, ಸಂಸ್ಕೃತ. ಕಾಕುಸ್ಥವರ್ಮ ದೇವಾಲಯದ ಹತ್ತಿರ ಕೆರೆ ಮಾಡಿಸಿದ. ಬರೆಸಿದ್ದು ಮಗ ಶಾಂತಿವರ್ಮನ ಕಾಲದಲ್ಲಿ, ರಚಿಸಿದವನು ಕುಬ್ಜ. ಮಯೂರಶರ್ಮ ಓದಲು ಕಂಚಿಗೆ ಹೋದದ್ದು, ಅಲ್ಲಿ ಪಲ್ಲವರ ಕುದುರೆ ಸವಾರನೊಂದಿಗೆ ಜಗಳವಾದದ್ದು ಇದರಲ್ಲೇ ಇದೆ.
ನನಗೆ ಅನಿಸಿದ್ದು: ಎಲ್ಲರೂ ಇದನ್ನು ಕದಂಬರ ಕಥೆಗಾಗಿ ಓದುತ್ತಾರೆ. ಆದರೆ ಶಾಸನ ಹುಟ್ಟಿದ ನೆಪ ಕೆರೆ. ಕೆರೆಗೆ ಸಿಕ್ಕ ಜಾಗ ಕಡಿಮೆ, ವಂಶದ ಹೊಗಳಿಕೆಗೆ ಜಾಸ್ತಿ. ಬೇರೆ ಕೆರೆ ಶಾಸನಗಳಲ್ಲೂ ಹೀಗೆಯೇ?
ಎಲ್ಲಿಗೆ: ಅಧ್ಯಾಯ 1, ಕೆರೆ ಕಟ್ಟಿಸಿದವರು ಯಾರು.

ಮೂರನೇ ಭಾಗ ಬರೆಯುವಾಗ ಸಂಕೋಚ ಬೇಡ. ತಪ್ಪಿರಲಿ, ಅರೆಬರೆ ಇರಲಿ. ಪ್ರಬಂಧ ನಿಲ್ಲುವುದು ಆ ಮೂರ್ನಾಲ್ಕು ಸಾಲಿನ ಮೇಲೇ. ಮೊದಲ ಎರಡು ಭಾಗ ಇನ್ನೊಬ್ಬರ ಪುಸ್ತಕದಲ್ಲಿ ಯಾವತ್ತೂ ಸಿಗುತ್ತವೆ, ಆ ದಿನ ನಿಮ್ಮ ತಲೆಗೆ ಹೊಳೆದದ್ದು ಮಾತ್ರ ಮತ್ತೆ ಸಿಗುವುದಿಲ್ಲ. ನಾಲ್ಕನೇ ಭಾಗ ಖಾಲಿ ಉಳಿದರೆ ಸ್ವಲ್ಪ ಯೋಚಿಸಿ. ಎಲ್ಲಿಗೂ ಹೋಗದ ಚೀಟಿಗಳೇ ಜಾಸ್ತಿಯಾದರೆ ಓದು ದಾರಿ ತಪ್ಪಿದೆ ಅಂತಲೇ ಅರ್ಥ. ಅದೂ ತಪ್ಪಲ್ಲ, ಆದರೆ ಗೊತ್ತಿರಬೇಕು.

ಆಕರದಲ್ಲಿ ಯಾವ ಆವೃತ್ತಿ ಅಂತ ಬರೆಯದಿದ್ದರೆ ಏನಾಗುತ್ತದೆ ಅನ್ನುವುದಕ್ಕೆ ಎಪಿಗ್ರಾಫಿಯ ಕರ್ನಾಟಿಕವೇ ಸಾಕ್ಷಿ. ರೈಸ್ ಅವರ ಕಾಲದ ಸಂಪುಟಗಳ ಜೋಡಣೆ ಬೇರೆ, ಆಮೇಲೆ ಮೈಸೂರಿನಿಂದ ಬಂದ ಪರಿಷ್ಕೃತ ಆವೃತ್ತಿಯ ಜೋಡಣೆ ಬೇರೆ. ಸುಮ್ನೆ ಸಂಪುಟ ಮತ್ತು ಸಂಖ್ಯೆ ಬರೆದಿಟ್ಟರೆ ಎರಡು ವರ್ಷದ ನಂತರ ಯಾವ ಕಲ್ಲಿನ ಮುಂದೆ ನಿಂತಿದ್ದೀರಿ ಅಂತ ನಿಮಗೇ ತಿಳಿಯುವುದಿಲ್ಲ. ಕಾದಂಬರಿ, ವಚನ ಯಾವುದರ ಮೇಲೆ ಕೆಲಸ ಮಾಡಿದರೂ ಇದೇ ಮಾತು. ಕಾಲವನ್ನು ಬರೆಯುವಾಗ ಶಕವರ್ಷ, ಕ್ರಿ.ಶ. ಎರಡನ್ನೂ ಬರೆಯಿರಿ. ಶಕಕ್ಕೆ 78 ಸೇರಿಸಿದರೆ ಕ್ರಿ.ಶ. ಬರುತ್ತದೆ, ಪುಷ್ಯ, ಮಾಘ, ಫಾಲ್ಗುಣದ ಕಡೆಗೆ ಬಂದರೆ 79 ಸೇರಿಸಬೇಕಾಗಬಹುದು. ಲೆಕ್ಕ ನೀವೇ ಮಾಡಿದ್ದಾದರೆ ಹಾಗಂತ ಪಕ್ಕದಲ್ಲಿ ಗುರುತು ಹಾಕಿ.

ಪುಟ ಸಂಖ್ಯೆ ಮೊದಲು, ಸಾಲು ಆಮೇಲೆ

ಇದೊಂದನ್ನು ಅಭ್ಯಾಸ ಮಾಡಿಕೊಂಡರೆ ಸಾಕು, ಈ ಲೇಖನದ ಉಳಿದದ್ದನ್ನು ಮರೆತರೂ ಚಿಂತೆಯಿಲ್ಲ. ಪುಸ್ತಕದಿಂದ ಏನನ್ನಾದರೂ ಇಳಿಸಿಕೊಳ್ಳುವ ಮುಂಚೆ ಪುಟದ ಸಂಖ್ಯೆ ಬರೆಯಿರಿ. ಆಮೇಲೆ ಉದ್ಧರಣ ಚಿಹ್ನೆ ತೆರೆಯಿರಿ, ಸಾಲು ಬರೆಯಿರಿ, ಚಿಹ್ನೆ ಮುಚ್ಚಿ. ಪುಟ ಸಂಖ್ಯೆ ಕೊನೆಗೆ ಹಾಕೋಣ ಅಂದರೆ ಅಷ್ಟರಲ್ಲಿ ಯಾರೋ ಟೀ ಕುಡಿಯಲು ಕರೆಯುತ್ತಾರೆ.

ಕೃತಿಚೌರ್ಯ ಅಂದರೆ ಬೇಕಂತಲೇ ಕದಿಯುವುದು ಅಂದುಕೊಳ್ಳುತ್ತೇವೆ. ನಾನು ನೋಡಿದ ಮಟ್ಟಿಗೆ ಅದು ಮುಕ್ಕಾಲು ಪಾಲು ಕೆಟ್ಟ ನೋಟ್ಸಿನಿಂದ ಹುಟ್ಟುತ್ತದೆ. ಎರಡು ವರ್ಷದ ಹಿಂದೆ ಚಿಹ್ನೆ ಇಲ್ಲದೆ ಇಳಿಸಿಕೊಂಡ ಸಾಲು, ಈಗ ನಮ್ಮದೇ ಕೈಬರಹದಲ್ಲಿ ಕಾಣಿಸುತ್ತದೆ, "ಆಹಾ, ಚೆನ್ನಾಗಿ ಬರೆದಿದ್ದೇನೆ" ಅಂದುಕೊಂಡು ಹಾಗೇ ಅಧ್ಯಾಯಕ್ಕೆ ಹಾಕುತ್ತೇವೆ. ಯುಜಿಸಿಯ 2018ರ ಕೃತಿಚೌರ್ಯದ ನಿಯಮದಲ್ಲಿ ಬೇರೆ ಬರಹಗಳೊಂದಿಗೆ ಹೋಲಿಕೆ ಶೇ. 10ರವರೆಗೆ ಇದ್ದರೆ ದಂಡವಿಲ್ಲ. ಅದು ದಾಟಿ 40ರವರೆಗೆ ಇದ್ದರೆ ಆರು ತಿಂಗಳೊಳಗೆ ತಿದ್ದಿ ಕೊಡಬೇಕು. 40 ದಾಟಿ 60ರವರೆಗೆ ಇದ್ದರೆ ಒಂದು ವರ್ಷ ತಿದ್ದಿದ ಪ್ರತಿಯನ್ನೂ ಸಲ್ಲಿಸುವಂತಿಲ್ಲ. 60 ದಾಟಿದರೆ ನೋಂದಣಿಯೇ ರದ್ದು. ಕನ್ನಡದಲ್ಲಿ ಬರೆದರೆ ಸಾಫ್ಟ್‌ವೇರ್‌ಗೆ ಗೊತ್ತಾಗುವುದಿಲ್ಲ ಅನ್ನುವ ಧೈರ್ಯ ಕೆಲವರಿಗೆ ಇದೆ. ಸಾಫ್ಟ್‌ವೇರ್‌ಗೆ ಗೊತ್ತಾಗದಿದ್ದರೂ ವೈವಾಕ್ಕೆ (ಮೌಖಿಕ ಪರೀಕ್ಷೆಗೆ) ಬಂದವರಿಗೆ ಗೊತ್ತಾಗುತ್ತದೆ, ಆ ಪುಸ್ತಕ ಅವರೇ ಬರೆದಿರಬಹುದು!

ಹಳೆಯ ಕಾಗುಣಿತ, ಹೊಸ ಹುಡುಕಾಟ

ಕನ್ನಡದಲ್ಲಿ ನೋಟ್ಸ್ ಇಡುವವರಿಗೆ ಒಂದು ತೊಂದರೆ ಇದೆ. ಇಂಗ್ಲಿಷಿನವರು ಬರೆದ ಯಾವ ಕೈಪಿಡಿಯಲ್ಲೂ ಅದು ಇರುವುದಿಲ್ಲ. ಶಾಸನದಲ್ಲಿ 'ಕೆಱೆ' ಅಂತ ಇರುತ್ತದೆ. ನೀವು ನಿಷ್ಠೆಯಿಂದ ಹಾಗೇ ಟೈಪ್ ಮಾಡಿಕೊಳ್ಳುತ್ತೀರಿ. ಆರು ತಿಂಗಳ ನಂತರ ಕಂಪ್ಯೂಟರಿನಲ್ಲಿ 'ಕೆರೆ' ಅಂತ ಹುಡುಕುತ್ತೀರಿ. ಸಿಗುವುದಿಲ್ಲ. ಕಂಪ್ಯೂಟರಿಗೆ ಱ ಮತ್ತು ರ ಬೇರೆ ಬೇರೆ ಅಕ್ಷರ. ಗದ್ದೆಯದ್ದು ಇನ್ನೂ ಕಷ್ಟ. 'ಗೞ್ದೆ' ಆಗಿ, 'ಗರ್ದೆ' ಆಗಿ, ಆಮೇಲೆ 'ಗದ್ದೆ' ಆದ ಪದ ಅದು. ಮೂರೂ ರೂಪ ಶಾಸನಗಳಲ್ಲಿ ಸಿಗುತ್ತವೆ, ಒಂದನ್ನು ಹುಡುಕಿದರೆ ಇನ್ನೆರಡು ಕಾಣಿಸುವುದಿಲ್ಲ.

ಪರಿಹಾರ ಸುಲಭ. ಚೀಟಿಯ ಕೊನೆಯಲ್ಲಿ 'ಹುಡುಕು ಪದ' ಅಂತ ಒಂದು ಸಾಲು ಇಡಿ. ಅದರಲ್ಲಿ ಇವತ್ತಿನ ಕಾಗುಣಿತದಲ್ಲೇ ಬರೆಯಿರಿ: ಕೆರೆ, ಗದ್ದೆ, ತೂಬು, ಕೋಡಿ, ಬಿತ್ತುವಟ್ಟ, ಕಟ್ಟುಕೊಡಗಿ (ಕೊನೆಯೆರಡು ಕೆರೆ ಕಟ್ಟಿದ, ನೋಡಿಕೊಂಡ ಕೆಲಸಕ್ಕೆ ಬಿಟ್ಟ ದತ್ತಿಯ ಹೆಸರುಗಳು). ಮೂಲದಲ್ಲಿ ಪದ ಇಲ್ಲದಿದ್ದರೂ ವಿಷಯ ಇದ್ದರೆ ಹಾಕಿ. ಕೆರೆಯ ರಿಪೇರಿಗೆ ಬಿಟ್ಟ ಭೂಮಿಯ ಮಾತು ಬಂದರೆ, ಶಾಸನದಲ್ಲಿ ಯಾವ ಪದವೇ ಇರಲಿ, ನಾನು 'ಕೆರೆ ದುರಸ್ತಿ' ಅಂತಲೂ ಬರೆಯುತ್ತೇನೆ. ಇಂಥ ಪದಗಳ ಪಟ್ಟಿ ನಲವತ್ತರ ಒಳಗೆ ಇರಲಿ. ಮುನ್ನೂರಾದರೆ ಪಟ್ಟಿಯನ್ನೇ ಹುಡುಕಬೇಕಾಗುತ್ತದೆ.

ಎಲ್ಲವೂ ಯೂನಿಕೋಡಿನಲ್ಲೇ, ಅಂದರೆ ಯಾವ ಕಂಪ್ಯೂಟರಿನಲ್ಲಿ ತೆರೆದರೂ ಕನ್ನಡವಾಗಿಯೇ ಕಾಣುವ ಅಕ್ಷರ ಪದ್ಧತಿಯಲ್ಲೇ ಇರಲಿ. ನನ್ನ ಮೊದಲ ಅಧ್ಯಾಯವನ್ನು ಡಿಟಿಪಿ ಅಂಗಡಿಯೊಂದರಲ್ಲಿ ಹಳೆಯ ಫಾಂಟಿನಲ್ಲಿ ಟೈಪ್ ಮಾಡಿಸಿದ್ದೆ. ಬೇರೆ ಕಂಪ್ಯೂಟರಿನಲ್ಲಿ ತೆರೆದರೆ ಇಂಗ್ಲಿಷ್ ಅಕ್ಷರ, ಬಾಣ, ಡಾಲರ್ ಗುರುತು, ಒಂದು ಕನ್ನಡ ಅಕ್ಷರ ಇಲ್ಲ. ಕನ್ವರ್ಟರ್ ಹಾಕಿ ಸರಿ ಮಾಡಿದೆ ಅಂದುಕೊಂಡೆ, ಒತ್ತಕ್ಷರಗಳು ಎಲ್ಲೆಲ್ಲೋ ಹೋಗಿ ಕೂತಿದ್ದವು. ತಿದ್ದಲು ಒಂದು ದಸರಾ ರಜೆ ಮುಗಿಯಿತು. ಟೈಪ್ ಮಾಡಲು ಕೊಡುವ ಮುಂಚೆಯೇ "ಯೂನಿಕೋಡ್ ಫೈಲೇ ಬೇಕು" ಅಂತ ಹೇಳಿ.

ಅಚ್ಚಾದ ಪುಟದ ಫೋಟೊ ತೆಗೆದು ಅಕ್ಷರಕ್ಕೆ ತಿರುಗಿಸುವುದು ಈಗ ಫೋನಿನಲ್ಲೇ ಆಗುತ್ತದೆ, ಗೂಗಲ್ ಲೆನ್ಸ್ ಕನ್ನಡವನ್ನೂ ಓದುತ್ತದೆ. ಇವತ್ತಿನ ಅಚ್ಚಿನ ಪುಸ್ತಕಕ್ಕೆ ಪರವಾಗಿಲ್ಲ. ಹಳೆಯ ಮೊಳೆ ಅಚ್ಚು, ಱ, ೞ ಇದ್ದ ಕಡೆ ಮಾತ್ರ ಪ್ರತಿ ಸಾಲನ್ನೂ ಪುಸ್ತಕದ ಜೊತೆ ಇಟ್ಟು ನೋಡಲೇಬೇಕು. ಬಸ್ಸಿನಲ್ಲಿ ಹೋಗುವಾಗ ಕನ್ನಡದಲ್ಲಿ ಮಾತಾಡಿ ಟೈಪ್ ಮಾಡಿಸುವುದೂ ಒಳ್ಳೆಯದೇ. ಪಕ್ಕದವರು ವಿಚಿತ್ರವಾಗಿ ನೋಡುತ್ತಾರೆ, ನೋಡಲಿ.

ಪೆನ್ನೋ ಕೀಬೋರ್ಡೋ

ಇದರ ಬಗ್ಗೆ ಜಗಳ ಬಹಳ. 2014ರಲ್ಲಿ ಮುಲ್ಲರ್ ಮತ್ತು ಓಪನ್‌ಹೈಮರ್ ಅನ್ನುವ ಇಬ್ಬರು ಸಂಶೋಧಕರು ಲ್ಯಾಪ್‌ಟಾಪಿನಲ್ಲಿ ನೋಟ್ಸ್ ಮಾಡುವವರು ಕೇಳಿದ್ದನ್ನು ಹಾಗೇ ಇಳಿಸಿಕೊಳ್ಳುತ್ತಾರೆ, ಕೈಯಲ್ಲಿ ಬರೆಯುವವರು ಅರ್ಥ ಮಾಡಿಕೊಂಡು ತಮ್ಮ ಮಾತಿನಲ್ಲಿ ಬರೆಯುತ್ತಾರೆ, ಹಾಗಾಗಿ ಅವರಿಗೆ ವಿಷಯ ಚೆನ್ನಾಗಿ ತಿಳಿಯುತ್ತದೆ ಅಂತ ತೋರಿಸಿದರು. ಅದು ಎಲ್ಲ ಕಡೆ ಹಬ್ಬಿತು. ಆಮೇಲೆ ಬೇರೆಯವರು ಅದೇ ಪ್ರಯೋಗ ಮಾಡಿದಾಗ ವ್ಯತ್ಯಾಸ ಅಷ್ಟು ಸ್ಪಷ್ಟವಾಗಿ ಕಾಣಲಿಲ್ಲ. ಹಾಗಾಗಿ ಇದನ್ನು ವೇದವಾಕ್ಯ ಮಾಡಿಕೊಳ್ಳಬೇಡಿ. ನಾನು ಓದುವಾಗ ಪೆನ್ನಿನಲ್ಲೇ ಬರೆಯುತ್ತೇನೆ, ಸಂಜೆ ಚೀಟಿಯನ್ನು ಕಂಪ್ಯೂಟರಿಗೆ ಹಾಕುವಾಗ ಇನ್ನೊಮ್ಮೆ ಯೋಚಿಸುತ್ತೇನೆ. ಎರಡು ಸಲ ಬರೆಯುವುದು ದಂಡ ಅಂತ ನನ್ನ ಸಹೋದ್ಯೋಗಿಯೊಬ್ಬರು ಹೇಳುತ್ತಾರೆ. ಅವರು ನೇರ ಟೈಪ್ ಮಾಡುತ್ತಾರೆ, ಅವರ ಪ್ರಬಂಧ ನನ್ನದಕ್ಕಿಂತ ಮುಂಚೆ ಮುಗಿಯಿತು!

ಆ್ಯಪ್ ಯಾವುದು ಅಂತ ಕೇಳುವವರಿಗೆ: ಸಾದಾ ಪಠ್ಯದ ಫೈಲುಗಳಿರುವ ಒಂದು ಫೋಲ್ಡರ್ ಸಾಕು. ಅಬ್ಸಿಡಿಯನ್ ಅನ್ನುವ ನೋಟ್ಸ್ ಆ್ಯಪ್ ಹಾಕಿಕೊಂಡರೂ ಅದು ಫೋಲ್ಡರಿನಲ್ಲಿ ಸಾದಾ ಫೈಲುಗಳನ್ನೇ ಇಡುತ್ತದೆ, ನಾಳೆ ಬೇಡ ಅನಿಸಿದರೆ ಆ್ಯಪ್ ಬಿಟ್ಟರೂ ನೋಟ್ಸ್ ಉಳಿಯುತ್ತದೆ. ಹೊಸ ಆ್ಯಪಿಗೆ ಸ್ಥಳಾಂತರ ಮಾಡುವ ಆಸೆ ಬರುವುದು ಯಾವಾಗ ಗೊತ್ತಾ? ಅಧ್ಯಾಯ ಮುಂದೆ ಹೋಗದಿದ್ದಾಗ. ನನಗೆ ಮೂರು ಸಲ ಬಂದಿದೆ. ಒಂದು ಅಧ್ಯಾಯ ಮುಗಿಯುವವರೆಗೆ ಆ್ಯಪ್ ಬದಲಿಸುವಂತಿಲ್ಲ ಅಂತ ಈಗ ನಿಯಮ ಹಾಕಿಕೊಂಡಿದ್ದೇನೆ.

ಗ್ರಂಥಸೂಚಿಗೆ ಮಾತ್ರ ಒಂದು ಸಾಧನ ಬೇಕೇ ಬೇಕು. ಜೊಟೆರೊ ಉಚಿತ. 2006ರಿಂದ ಇದೆ. ಪಿಡಿಎಫ್ ಅದರೊಳಗೇ ತೆರೆದು ಗೆರೆ ಎಳೆಯಬಹುದು. ಸರ್ವರಿನಲ್ಲಿ ಉಚಿತವಾಗಿ ಸಿಗುವ ಜಾಗ 300 ಎಂಬಿ, ಸ್ಕ್ಯಾನ್ ಮಾಡಿದ ನಾಲ್ಕು ಹಳೆಯ ಪುಸ್ತಕ ಹಾಕಿದರೆ ತುಂಬಿಹೋಗುತ್ತದೆ. ಹಾಗಾಗಿ ದೊಡ್ಡ ಪಿಡಿಎಫ್‌ಗಳನ್ನು ಲ್ಯಾಪ್‌ಟಾಪಿನಲ್ಲೇ ಇಟ್ಟು ವಿವರಗಳನ್ನು ಮಾತ್ರ ಸಿಂಕ್ ಮಾಡಿ. ಕನ್ನಡ ಲೇಖಕರ ಹೆಸರು ಹಾಕುವಾಗ ಸ್ವಲ್ಪ ಗಮನ ಇರಲಿ. ಡಿ. ಎಲ್. ನರಸಿಂಹಾಚಾರ್ ಅಂತ ಇದ್ದರೆ 'ನರಸಿಂಹಾಚಾರ್' ಒಂದು ಖಾನೆಗೆ, 'ಡಿ. ಎಲ್.' ಇನ್ನೊಂದಕ್ಕೆ. ಕಾವ್ಯನಾಮ, ಸಂಸ್ಥೆಯ ಹೆಸರು ಆದರೆ ಖಾನೆಯನ್ನು ಒಂದೇ ಮಾಡಿಕೊಳ್ಳುವ ಗುಂಡಿ ಪಕ್ಕದಲ್ಲೇ ಇದೆ. ಒಂದೇ ಲೇಖಕರನ್ನು ಮೂರು ರೀತಿ ಹಾಕಿದರೆ ಕೊನೆಯಲ್ಲಿ ಅವರು ಮೂವರಾಗಿ ಕಾಣಿಸುತ್ತಾರೆ.

ಈ ವಿವರ ತುಂಬುವ ಕೆಲಸಕ್ಕೆ ಸ್ಟಾಫ್‌ರೂಮೇ ಸರಿಯಾದ ಜಾಗ. ಪಾಠ ಇಲ್ಲದ ಪೀರಿಯಡ್‌ನಲ್ಲಿ ಗಾಢವಾಗಿ ಯೋಚಿಸಿ ಬರೆಯಲು ಆಗುವುದಿಲ್ಲ, ಹತ್ತು ನಿಮಿಷಕ್ಕೊಮ್ಮೆ ಯಾರಾದರೂ ಬರುತ್ತಾರೆ. ಹೆಸರು, ವರ್ಷ, ಪ್ರಕಾಶಕರು ತುಂಬುವುದು ಅಂಥ ಗಲಾಟೆಯಲ್ಲೂ ನಡೆಯುತ್ತದೆ. ಬರೆಯುವ 40 ನಿಮಿಷವನ್ನು ಮನೆಯಲ್ಲಿ, ಫೋನ್ ಕೈಗೆತ್ತಿಕೊಳ್ಳುವ ಮುಂಚೆ ಇಟ್ಟುಕೊಳ್ಳಿ.

ಕ್ಷೇತ್ರಕಾರ್ಯದ ಫೋಟೊಗಳಿಗೆ ಅವತ್ತು ರಾತ್ರಿಯೇ ಹೆಸರು ಕೊಡಿ: ವರ್ಷ, ತಿಂಗಳು, ದಿನ, ಊರು, ಏನು. ಹೀಗೆ ಬರೆದರೆ ಫೈಲುಗಳು ತಾವಾಗಿಯೇ ದಿನಾಂಕದ ಪ್ರಕಾರ ಕೂರುತ್ತವೆ. ಕಲ್ಲಿನ ಫೋಟೊ ತೆಗೆಯುವಾಗ ಪಕ್ಕದಲ್ಲಿ ಸ್ಕೇಲ್ ಇಡಿ, ಇಲ್ಲದಿದ್ದರೆ ಮೂರಡಿ ಕಲ್ಲು, ಆರಡಿ ಕಲ್ಲು ಒಂದೇ ಥರ ಕಾಣುತ್ತವೆ. ಪ್ರತಿ ಮೂರು ಕಡೆ ಇರಲಿ: ಲ್ಯಾಪ್‌ಟಾಪ್, ಮನೆಯಲ್ಲೊಂದು ಹಾರ್ಡ್‌ಡಿಸ್ಕ್, ಇಂಟರ್‌ನೆಟ್ಟಿನಲ್ಲೊಂದು.

ಎಐ ಸಾರಾಂಶದ ಬಗ್ಗೆ ಕೇಳುತ್ತೀರಿ ಅಂತ ಗೊತ್ತು. ಯಾವ ಲೇಖನ ಓದಬೇಕು ಅಂತ ಆರಿಸಲು ನಾನೂ ಬಳಸುತ್ತೇನೆ. ಚೀಟಿಯ ಮೂರನೇ ಭಾಗವನ್ನು ಅದಕ್ಕೆ ಬರೆಯಲು ಕೊಟ್ಟರೆ ನಾವು ಸಂಶೋಧನೆ ಮಾಡುವುದು ಯಾಕೆ? ಅದು ಕೊಟ್ಟ ಆಕರಗಳನ್ನು ಪುಸ್ತಕ ತೆರೆದು ನೋಡದೆ ಹಾಕಲೇಬೇಡಿ. ಇಲ್ಲದ ಲೇಖನಕ್ಕೆ ಪುಟ ಸಂಖ್ಯೆ ಸಮೇತ ವಿವರ ಕೊಟ್ಟದ್ದನ್ನು ಕಣ್ಣಾರೆ ನೋಡಿದ್ದೇನೆ.

ಶನಿವಾರದ ಮುಕ್ಕಾಲು ಗಂಟೆ

ಜರ್ಮನಿಯ ಬೀಲೆಫೆಲ್ಡ್ ವಿಶ್ವವಿದ್ಯಾಲಯದಲ್ಲಿ ನಿಕ್ಲಾಸ್ ಲೂಮನ್ ಅಂತ ಸಮಾಜಶಾಸ್ತ್ರದ ಪ್ರಾಧ್ಯಾಪಕರಿದ್ದರು, 1927ರಿಂದ 1998ರವರೆಗೆ ಬದುಕಿದ್ದವರು. ಅವರ ಮರದ ಡಬ್ಬಗಳಲ್ಲಿ ಸುಮಾರು 90,000 ಚೀಟಿಗಳಿದ್ದವು. ಪ್ರತಿ ಚೀಟಿಗೂ ಸಂಖ್ಯೆ. 1ರ ಬಗ್ಗೆ ಇನ್ನೊಂದು ಮಾತು ಹೊಳೆದರೆ ಅದು 1ಎ, ಅದರಿಂದ ಇನ್ನೊಂದು ಹೊರಟರೆ 1ಎ1. ಹೀಗೆ ಎಲ್ಲಿ ಬೇಕಾದರೂ ಕವಲು ಒಡೆಯಬಹುದು, ಜಾಗ ಮುಗಿಯುವುದಿಲ್ಲ. ಆ ವಿಶ್ವವಿದ್ಯಾಲಯಕ್ಕೆ ಸೇರಿದಾಗ ಅವರ ಸಂಶೋಧನಾ ಯೋಜನೆ ಏನು ಅಂತ ಕೇಳಿದ್ದಕ್ಕೆ, ವಿಷಯ ಸಮಾಜದ ಸಿದ್ಧಾಂತ, ಅವಧಿ 30 ವರ್ಷ, ಖರ್ಚು ಏನೂ ಇಲ್ಲ ಅಂತ ಬರೆದುಕೊಟ್ಟಿದ್ದರಂತೆ. ಹೆಚ್ಚುಕಮ್ಮಿ ಅಷ್ಟೇ ಸಮಯ ತೆಗೆದುಕೊಂಡು 1997ರಲ್ಲಿ ಆ ಪುಸ್ತಕ ತಂದರು.

ನಮ್ಮಲ್ಲೂ ಚೀಟಿಯ ಕೆಲಸ ಹೊಸದಲ್ಲ. ಕನ್ನಡ ಸಾಹಿತ್ಯ ಪರಿಷತ್ತಿನ ಎಂಟು ಸಂಪುಟಗಳ ಕನ್ನಡ ನಿಘಂಟಿನ ಯಾವ ಪುಟ ತೆರೆದರೂ ಗೊತ್ತಾಗುತ್ತದೆ. ಪದ, ಅರ್ಥ, ಅದು ಬಂದ ಕಾವ್ಯದ ಸಾಲು ಅಥವಾ ಶಾಸನ, ಎಲ್ಲಿ ಅನ್ನುವ ಗುರುತು. ಯಾರೋ ಒಬ್ಬರು ಒಂದೊಂದು ಪ್ರಯೋಗವನ್ನೂ ಆರಿಸಿ, ಎಲ್ಲಿಂದ ಅಂತ ಬರೆದಿಟ್ಟಿದ್ದರಿಂದಲೇ ಅದು ಸಾಧ್ಯವಾದದ್ದು. ಎಂಟನೇ ಸಂಪುಟ ಬರುವಾಗ 1995. ಒಂದೇ ತಲೆಮಾರಿನ ಕೆಲಸ ಅಲ್ಲ ಅದು, ಮೊದಲು ಬರೆದವರ ಚೀಟಿ ಆಮೇಲೆ ಬಂದವರಿಗೂ ಓದಲು ಬರಬೇಕಿತ್ತು.

ನಮಗೆ 90,000 ಬೇಡ. ದಿನಕ್ಕೆ ಒಂದರಂತೆ, ತಪ್ಪಿದ ದಿನಗಳನ್ನು ಬಿಟ್ಟು, ವರ್ಷಕ್ಕೆ 200 ಚೀಟಿ ಆದರೂ ಮೂರು ವರ್ಷಕ್ಕೆ 600. ಒಂದು ಮಹಾಪ್ರಬಂಧಕ್ಕೆ ಅದು ಧಾರಾಳ.

ಶನಿವಾರ ಮುಕ್ಕಾಲು ಗಂಟೆ ತೆಗೆದಿಡಿ. ಹೊಸದೇನೂ ಓದಬೇಡಿ. ಆ ವಾರದ ಚೀಟಿಗಳನ್ನು ಒಂದೊಂದಾಗಿ ತೆಗೆದು, ಇದು ಯಾವ ಹಳೆಯ ಚೀಟಿಯ ಜೊತೆ ಜಗಳ ಆಡುತ್ತದೆ, ಯಾವುದಕ್ಕೆ ಸಾಥ್ ಕೊಡುತ್ತದೆ ಅಂತ ನೋಡಿ, ಆ ಚೀಟಿಯ ಸಂಖ್ಯೆ ಕೆಳಗೆ ಬರೆಯಿರಿ. ಜಗಳ ಆಡುವವು ಸಿಕ್ಕರೆ ಹಬ್ಬ. ನನ್ನ ತಾಳಗುಂದದ ಚೀಟಿಯಲ್ಲಿ ಕೆರೆ ಕಟ್ಟಿಸಿದವನು ಅರಸ. ಆಮೇಲೆ ಬರೆದ ಹತ್ತಾರು ಚೀಟಿಗಳಲ್ಲಿ ಕಟ್ಟಿಸಿದವರು ಗಾವುಂಡರು (ಊರಿನ ಮುಖ್ಯಸ್ಥರು), ವ್ಯಾಪಾರಿಗಳು, ಹೆಂಗಸರು. ಒಂದು ಶನಿವಾರ ಅವನ್ನು ಪಕ್ಕಪಕ್ಕ ಇಟ್ಟಾಗಲೇ ಮೊದಲ ಅಧ್ಯಾಯದ ಪ್ರಶ್ನೆ ಸಿಕ್ಕಿದ್ದು. ಅದಕ್ಕಾಗಿ ಬೇರೆ ಪುಸ್ತಕ ಓದಬೇಕಾಗಲಿಲ್ಲ.

ಚೀಟಿಯಿಂದ ಪುಟಕ್ಕೆ

ಬರೆಯಲು ಕೂರುವಾಗ ಖಾಲಿ ಹಾಳೆ ತೆರೆಯಬೇಡಿ. ನಾಲ್ಕೈದು ಚೀಟಿ ಆರಿಸಿ, ಹಾಸಿಗೆ ಮೇಲೆ ಹರಡಿ, ಕ್ರಮ ಬದಲಿಸಿ ನೋಡಿ. ಪ್ರತಿ ಚೀಟಿಯ ಮೂರನೇ ಭಾಗವನ್ನು ಮಾತ್ರ ಒಂದರ ಕೆಳಗೊಂದು ಬರೆಯಿರಿ. ಅದೇ ಕರಡು. ಕೆಟ್ಟದಾಗಿರುತ್ತದೆ, ಇರಲಿ. ಆಮೇಲೆ ಆಧಾರಗಳನ್ನು ಸೇರಿಸಿ. ಅಡಿಟಿಪ್ಪಣಿಯನ್ನು ಅಲ್ಲೇ ಆಗಲೇ ಹಾಕಿ, "ಕೊನೆಗೆ ಒಟ್ಟಿಗೆ ಹಾಕೋಣ" ಅಂದರೆ ಮಂಚದ ಕೆಳಗಿನ ಜೆರಾಕ್ಸ್ ಕಟ್ಟಿಗೇ ವಾಪಸ್.

ಅಡಿಟಿಪ್ಪಣಿ, ಗ್ರಂಥಋಣದ ರೂಪ ಹೇಗಿರಬೇಕು ಅನ್ನುವ ಗೊಂದಲ ಇದ್ದರೆ ಪಿಎಚ್‌ಡಿ ಪ್ರಬಂಧಗಳನ್ನು ಇಟ್ಟಿರುವ ಶೋಧಗಂಗಾ ಜಾಲತಾಣದಲ್ಲಿ ನಿಮ್ಮದೇ ವಿಭಾಗದ ಎರಡು ಮೂರು ಪ್ರಬಂಧ ತೆರೆದು ನೋಡಿ, ಗೈಡ್‌ಗೆ ತೋರಿಸಿ, ಒಂದನ್ನು ಗಟ್ಟಿ ಮಾಡಿಕೊಳ್ಳಿ. ಬೇರೆಯವರ ಪ್ರಬಂಧ ಎಷ್ಟು ಸಾಧಾರಣವಾಗಿರುತ್ತದೆ ಅಂತ ಗೊತ್ತಾಗಿ ಸ್ವಲ್ಪ ಧೈರ್ಯವೂ ಬರುತ್ತದೆ.

40 ನಿಮಿಷ ಮುಗಿದಾಗ ನಿಲ್ಲಿಸಿ. ಹುಮ್ಮಸ್ಸು ಇದ್ದರೂ ನಿಲ್ಲಿಸಿ. ಒಂದು ದಿನ ರಾತ್ರಿ ಎರಡರವರೆಗೆ ಕೂತವನು ಮುಂದಿನ ನಾಲ್ಕು ದಿನ ಕೂರುವುದಿಲ್ಲ, ಬೆಳಿಗ್ಗೆ ಒಂಬತ್ತೂವರೆಯ ಪಾಠದಲ್ಲಿ ಹುಡುಗರ ಮೇಲೆ ರೇಗುತ್ತಾನೆ. ಏಳುವ ಮುಂಚೆ ನಾಳೆಯ ಮೊದಲ ಸಾಲನ್ನು ಬರೆದಿಟ್ಟು ಏಳಿ.

ನಿಲ್ಲಿಸುವ ಚೀಟಿ

ಮೌಲ್ಯಮಾಪನದ ಆದೇಶ ಬಂತು, ಇನ್ನು ಮೂರು ವಾರ ಏನೂ ಆಗುವುದಿಲ್ಲ ಅಂತ ಗೊತ್ತಾದ ದಿನ ಒಂದು ವಿಶೇಷ ಚೀಟಿ ಬರೆಯಿರಿ. ಎಲ್ಲಿ ನಿಂತೆ, ಯಾಕೆ ನಿಂತೆ, ವಾಪಸ್ ಬಂದಾಗ ಮೊದಲು ಮುಟ್ಟಬೇಕಾದದ್ದು ಏನು. ನನ್ನದೊಂದು ಹೀಗಿತ್ತು:

"ಅಧ್ಯಾಯ 3, ಪುಟ 14. ಕಟ್ಟುಕೊಡಗಿ ಯಾರಿಗೆ ಸಿಗುತ್ತಿತ್ತು ಅನ್ನುವಲ್ಲಿ ನಿಂತಿದ್ದೇನೆ. ಚೀಟಿ 212, 219 ಒಂದಕ್ಕೊಂದು ಹೊಂದುತ್ತಿಲ್ಲ. ಬಂದ ಮೇಲೆ ಮೊದಲು 219ರ ಮೂಲ ಪಾಠ ನೋಡು, ನಾನೇ ತಪ್ಪು ಓದಿರಬಹುದು. ಹೊಸ ಪುಸ್ತಕ ತೆರೆಯಬೇಡ."

ಇದನ್ನು ಲ್ಯಾಪ್‌ಟಾಪಿನ ಒಳಗಲ್ಲ, ಮುಚ್ಚಳದ ಮೇಲೆ ಅಂಟಿಸಿ. ಆ ಮೂರು ವಾರ ಹತ್ತು ನಿಮಿಷದ ಅಳತೆ ನಡೆಯಲಿ. ನಡೆಯದಿದ್ದರೂ ಲೆಕ್ಕ ಇಡಬೇಡಿ, ತಪ್ಪಿದ ದಿನಗಳನ್ನು ಆಮೇಲೆ ಡಬಲ್ ಮಾಡಿ ತುಂಬಲಂತೂ ಹೋಗಲೇಬೇಡಿ. ದಿನಕ್ಕೆ ಹತ್ತಾರು ಉತ್ತರಪತ್ರಿಕೆ ನೋಡಿ ಬಂದ ಕಣ್ಣಿಗೆ ಶಾಸನ ಕಾಣುವುದಿಲ್ಲ. ಆ ಹತ್ತು ನಿಮಿಷ ಹಳೆಯ ಚೀಟಿ ಓದಿ ಮಲಗಿ.

ವಾಪಸ್ ಬಂದ ಮೊದಲ ದಿನ ಬರೆಯಲು ಹೋಗಬೇಡಿ. ನಿಲ್ಲಿಸುವ ಚೀಟಿ ಓದಿ, ಕೊನೆಯ ಎರಡು ಪುಟ ಓದಿ, ಅಷ್ಟೇ. ಎರಡನೇ ದಿನ ಚೀಟಿಯಲ್ಲಿ ಬರೆದ ಆ ಒಂದು ಕೆಲಸ. ಮೂರನೇ ದಿನದಿಂದ 40 ನಿಮಿಷ. ಅಂದಹಾಗೆ 219ನ್ನು ನಾನು ತಪ್ಪೇ ಓದಿದ್ದೆ. ಱ ಇದ್ದ ಕಡೆ ಜಿ ಅಂತ ಓದಿಕೊಂಡಿದ್ದೆ, ಆ ಊರಿನ ಹೆಸರೇ ಬೇರೆ.